ಸೂಕ್ಷ್ಮ ಚರ್ಮಕ್ಕೆ ನಮ್ಮದೇ ಬಣ್ಣದ ಕ್ರೀಮು



ಮುಖಕ್ಕೆ ಏನು ಹಚ್ಚಿದರೂ ಉರಿ ಬರುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಹೊಸ ಸೋಪು ತಂದರೆ ಕೆನ್ನೆ ಬಿಗಿಯುತ್ತದೆ. ಮದುವೆಮನೆಯಲ್ಲಿ ಯಾರದೋ ಪೌಡರ್ ಹಚ್ಚಿಕೊಂಡರೆ ಸಂಜೆಯೊಳಗೆ ಗಂದೆ ಏಳುತ್ತದೆ. ಬಸ್ಸಿಗೆಂದು ಬಿಸಿಲಲ್ಲಿ ಅರ್ಧ ಗಂಟೆ ನಿಂತು ಬಂದರೆ ರಾತ್ರಿಯವರೆಗೂ ಮುಖ ಚುರುಚುರು ಅನ್ನುತ್ತದೆ. ಇಂಥವರು ಅಂಗಡಿಗೆ ಹೋದರೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: "ನಿಮ್ಮದು ಸೆನ್ಸಿಟಿವ್ ಸ್ಕಿನ್ನು, ಸ್ವಲ್ಪ ದುಬಾರಿಯದೇ ತಗೊಳ್ಳಿ." ನಾನು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಕೆಲಸ ಮಾಡುವವಳು, ನನ್ನ ಚರ್ಮವೂ ಇದೇ ಜಾತಿಯದು. ಬೆಲೆ ಏರಿದಂತೆಲ್ಲ ಉರಿ ಇಳಿಯುತ್ತದೆ ಎನ್ನುವುದಕ್ಕೆ ಆಧಾರವಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ದುಬಾರಿ ಕ್ರೀಮಿನಲ್ಲಿ ಸುಗಂಧ, ಹೂವಿನ ಸಾರ, ಎಣ್ಣೆಗಳು ಹೆಚ್ಚಾಗಿರುವುದುಂಟು. ನಮ್ಮ ಮುಖಕ್ಕೆ ಆಗದಿರುವುದು ಬಹಳ ಸಲ ಅವೇ.

ಮೊದಲು ಚರ್ಮದ ವಿಷಯ. ನಮ್ಮ ಚರ್ಮದ ತೀರಾ ಮೇಲಿನ ಪದರ ಕೂದಲೆಳೆಗಿಂತಲೂ ತೆಳು. ಸತ್ತ ಜೀವಕೋಶಗಳನ್ನು ಇಟ್ಟಿಗೆಯಂತೆ ಪೇರಿಸಿ, ನಡುವೆ ಕೊಬ್ಬಿನ ಗಾರೆ ತುಂಬಿ ಕಟ್ಟಿದ ಗೋಡೆ ಅದು. ಒಳಗಿನ ನೀರನ್ನು ಹೊರಗೆ ಬಿಡದೆ, ಹೊರಗಿನ ಕಿರಿಕಿರಿಯನ್ನು ಒಳಗೆ ಬಿಡದೆ ಕಾಯುವುದು ಈ ಗೋಡೆ. ಕೆಲವರಿಗೆ ಹುಟ್ಟಿನಿಂದಲೇ ಇದು ಸಡಿಲ. ಇನ್ನು ಕೆಲವರಿಗೆ ನಾವು ದಿನಾ ಮಾಡುವ ಕೆಲಸಗಳಿಂದಲೇ ಸಡಿಲವಾಗುತ್ತದೆ. ಆರೋಗ್ಯವಾದ ಚರ್ಮದ ಮೇಲ್ಮೈ ಸ್ವಲ್ಪ ಹುಳಿಯ ಕಡೆಗಿರುತ್ತದೆ, ಪಿಎಚ್ ಲೆಕ್ಕದಲ್ಲಿ 5ರ ಆಸುಪಾಸು. ನಾವು ಬಳಸುವ ಮಾಮೂಲಿ ಸೋಪು ಕ್ಷಾರ, ಅದರ ಪಿಎಚ್ 9ರಿಂದ 10. ಅದರ ಮೇಲೆ ಬೋರ್‌ವೆಲ್ಲಿನ ಗಡಸು ನೀರು. ಆ ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಕೆಟಿನ ಅಂಚಿಗೆ ಬಿಳಿ ಕೆನೆಯಾಗಿ ಕೂರುವುದನ್ನು ನೋಡಿರುತ್ತೀರಿ. ಅದೇ ಕೆನೆ ಮುಖದ ಮೇಲೂ ಕೂರುತ್ತದೆ. ದಿನಕ್ಕೆ ನಾಲ್ಕು ಸಲ ಸೋಪು ಹಾಕಿ ಮುಖ ತೊಳೆಯುವ ಹುಡುಗಿಯರನ್ನು ಕಂಡಾಗ ಕೈ ಹಿಡಿದು ನಿಲ್ಲಿಸಬೇಕು ಅನ್ನಿಸುತ್ತದೆ. ಬೆಳಿಗ್ಗೆ ಬರೀ ನೀರು ಸಾಕು. ರಾತ್ರಿ ಒಂದು ಸಲ ಸೋಪಿಲ್ಲದ, ಸುಗಂಧವಿಲ್ಲದ ಮುಖ ತೊಳೆಯುವ ಲೋಷನ್ ಬಳಸಿದರೆ ಆಯಿತು.

ಆಮೇಲೆ ತೇವ. ಇಲ್ಲಿ ಅಗ್ಗದ ವಸ್ತುಗಳೇ ಮೇಲುಗೈ. ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ, ಪೆಟ್ರೋಲಿಯಂ ಜೆಲ್ಲಿ ಆ ನೀರು ಆರಿಹೋಗದಂತೆ ಮುಚ್ಚಳ ಹಾಕುತ್ತದೆ. ಎಷ್ಟೋ ದೊಡ್ಡ ಹೆಸರಿನ ಕ್ರೀಮುಗಳ ಬೆನ್ನೆಲುಬು ಇವೇ ಎರಡು. ಮೆಡಿಕಲ್ ಶಾಪಿನಲ್ಲಿ ವೈಟ್ ಸಾಫ್ಟ್ ಪ್ಯಾರಾಫಿನ್, ಲಿಕ್ವಿಡ್ ಪ್ಯಾರಾಫಿನ್ ಸೇರಿಸಿದ ಸರಳ ಕ್ರೀಮುಗಳು ಸಿಗುತ್ತವೆ. ಅಂದವಾದ ಡಬ್ಬಿ ಇರುವುದಿಲ್ಲ, ಜಾಹೀರಾತೂ ಇಲ್ಲ. ಹಾಗಾಗಿ ಯಾರೂ ಕೇಳುವುದಿಲ್ಲ. ಮುಖ ತೊಳೆದು ಒರೆಸಿದ ಕೂಡಲೇ, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇವನ್ನು ಹಚ್ಚಬೇಕು. ಊರು ನೋಡಿಕೊಂಡು ಹಚ್ಚಬೇಕು, ಅದೂ ಮುಖ್ಯ. ಡಿಸೆಂಬರಿನ ಬೆಂಗಳೂರಿಗೆ, ಬಯಲುಸೀಮೆಯ ಒಣ ಗಾಳಿಗೆ ಜೆಲ್ಲಿ ಹಿತ. ಮಂಗಳೂರು, ಕಾರವಾರದ ಬೆವರಿನ ಹವೆಯಲ್ಲಿ ಅದನ್ನೇ ಬಳಿದುಕೊಂಡರೆ ಬೆವರುಸಾಲೆ ಏಳಬಹುದು. ಅಲ್ಲಿ ತೆಳು ಗ್ಲಿಸರಿನ್ ಲೋಷನ್ ಸಾಕು. ಕೊಬ್ಬರಿ ಎಣ್ಣೆ ಕೈಕಾಲಿಗೆ ಬಹಳ ಒಳ್ಳೆಯದು. ಮೊಡವೆ ಏಳುವ ಮುಖಕ್ಕೆ ಬೇಡ.

ಮನೆಮದ್ದಿನ ಬಗ್ಗೆ ಒಂದು ಮಾತು. ಅಡುಗೆಮನೆಯಲ್ಲಿರುವುದೆಲ್ಲ ಸೌಮ್ಯ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ನಿಂಬೆರಸದ ಪಿಎಚ್ ಸುಮಾರು 2. ಉರಿಯುವ ಮುಖಕ್ಕೆ ಅದನ್ನು ಹಿಂಡುವುದು ಗಾಯಕ್ಕೆ ಹುಳಿ ಹಿಂಡಿದ ಹಾಗೇ. ಇನ್ನೊಂದು ಅಪಾಯವೂ ಇದೆ: ನಿಂಬೆಜಾತಿಯ ಹಣ್ಣಿನ ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ, ಅದರಲ್ಲಿರುವ ಕೆಲವು ಪದಾರ್ಥಗಳು ಬಿಸಿಲಿನ ಜೊತೆ ಸೇರಿ ಚರ್ಮವನ್ನು ಸುಡುತ್ತವೆ. ಆ ಕಪ್ಪು ಕಲೆ ಮಾಸಲು ತಿಂಗಳುಗಳೇ ಬೇಕು. ಕಡಲೆಹಿಟ್ಟು ಎಣ್ಣೆಸ್ನಾನದ ದಿನ ಮೈಗೆ ಚೆನ್ನ, ಕೆರಳಿದ ಕೆನ್ನೆಗೆ ತಿಕ್ಕುವುದು ಬೇಡ.

ಈಗ ಡಬ್ಬಿಯ ಮೇಲಿನ ಮಾತುಗಳು. "ಹೈಪೋಅಲರ್ಜೆನಿಕ್" ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಈ ಮಾತನ್ನು ಬರೆಯಬೇಕಾದರೆ ಪರೀಕ್ಷೆ ಮಾಡಿ ತೋರಿಸಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1975ರಲ್ಲಿ ಒಂದು ನಿಯಮ ತಂದಿತ್ತು. ಕಂಪನಿಗಳು ಕೋರ್ಟಿಗೆ ಹೋದವು, 1977ರ ಕೊನೆಯಲ್ಲಿ ಆ ನಿಯಮವೇ ಬಿದ್ದುಹೋಯಿತು. ಅಲ್ಲಿಂದೀಚೆಗೆ ಆ ಮಾತು ಅವರವರ ಇಷ್ಟಕ್ಕೆ ಬಿಟ್ಟದ್ದು. ಚರ್ಮವೈದ್ಯರಿಂದ ಪರೀಕ್ಷಿತ ಎಂಬುದೂ ಹಾಗೇ: ಎಷ್ಟು ಜನರ ಮೇಲೆ, ಎಷ್ಟು ದಿನ, ಫಲಿತಾಂಶ ಏನು ಎಂಬುದು ಡಬ್ಬಿಯಲ್ಲಿ ಇರುವುದಿಲ್ಲ. ಹೀಗಾಗಿ ಮುಂಭಾಗ ಬಿಟ್ಟು ಹಿಂಭಾಗ ಓದಿ. ನಮ್ಮ ದೇಶದ ನಿಯಮದಂತೆ ಪದಾರ್ಥಗಳನ್ನು ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಆಮೇಲೆ ಎಂಬ ಕ್ರಮದಲ್ಲಿ ಬರೆಯಬೇಕು. ಶೇಕಡಾ 1ಕ್ಕಿಂತ ಕಡಿಮೆ ಇರುವವನ್ನು ಕೊನೆಗೆ ಹೇಗೆ ಬೇಕಾದರೂ ಬರೆಯಬಹುದು. ಅಲ್ಲಿ ಮೊದಲು ಹುಡುಕಬೇಕಾದದ್ದು ಪರ್ಫ್ಯೂಮ್ ಅಥವಾ ಫ್ರೇಗ್ರೆನ್ಸ್ ಎಂಬ ಪದ. ಆ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳು ಅಡಗಿರಬಹುದು, ಮತ್ತು ಸೌಂದರ್ಯವರ್ಧಕಗಳಿಂದ ಬರುವ ಅಲರ್ಜಿಗೆ ದೊಡ್ಡ ಕಾರಣಗಳಲ್ಲಿ ಸುಗಂಧವೂ ಒಂದು. ಗುಲಾಬಿ, ಮಲ್ಲಿಗೆ, ಗಂಧ ಎಂದು ನಮ್ಮ ಮನಸ್ಸಿಗೆ ಹತ್ತಿರವಾದ ಪರಿಮಳವಾದರೂ ಚರ್ಮ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಎರಡನೆಯದು ಮೀಥೈಲ್‌ಐಸೋಥಯಾಝೊಲಿನೋನ್. ಹೆಸರು ಉದ್ದ, ಆದರೂ ಬರೆದಿಟ್ಟುಕೊಳ್ಳಿ. ಕ್ರೀಮು ಕೆಡದಂತೆ ಹಾಕುವ ಪದಾರ್ಥ ಅದು. ಅಲರ್ಜಿಗಳು ಏರಿದ್ದನ್ನು ಕಂಡು ಯೂರೋಪಿನ ಒಕ್ಕೂಟ 2017ರಿಂದ, ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಇದನ್ನು ನಿಷೇಧಿಸಿದೆ. ಜನ ಸಾಮಾನ್ಯವಾಗಿ ಹೆದರುವುದು ಅದೇ ಕೆಲಸಕ್ಕೆ ಹಾಕುವ ಪ್ಯಾರಾಬೆನ್‌ಗೆ. ಅಲರ್ಜಿಯ ಮಟ್ಟಿಗೆ ಆ ಹೆದರಿಕೆ ಬೇಕಿಲ್ಲ. ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ ವರ್ಷಕ್ಕೊಂದು ಅಲರ್ಜಿಕಾರಕವನ್ನು ಹೆಸರಿಸುವ ಪದ್ಧತಿ ಇಟ್ಟುಕೊಂಡಿದೆ. 2019ರಲ್ಲಿ ಅವರು ಪ್ಯಾರಾಬೆನ್‌ಗಳನ್ನು ವರ್ಷದ "ಅಲರ್ಜಿಕಾರಕವಲ್ಲದ" ವಸ್ತು ಎಂದೇ ಸಾರಿದರು.

ಮುಖದ ಎಲ್ಲ ತೊಂದರೆಗೂ ಕ್ರೀಮೇ ಕಾರಣ ಎಂದೂ ತಿಳಿಯಬೇಡಿ. ಹಣೆಯ ನಡುವೆ ಮಾತ್ರ ತುರಿಕೆ, ಕಪ್ಪು ಕಲೆ ಅಥವಾ ಬಿಳಿ ಮಚ್ಚೆ ಇದ್ದರೆ ಬಿಂದಿಯನ್ನು ಅನುಮಾನಿಸಿ. ಅಂಟಿಸುವ ಬಿಂದಿಯ ಗೋಂದಿನಲ್ಲಿ ಪ್ಯಾರಾ ಟರ್ಷರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಇರುವುದುಂಟು. ಅದು ಬಣ್ಣ ಕೊಡುವ ಜೀವಕೋಶಗಳನ್ನೇ ಕೊಲ್ಲಬಲ್ಲದು. ಬಿಂದಿ ಕೂರುವ ಅಷ್ಟೇ ಜಾಗದಲ್ಲಿ, ಕಾಸಿನಗಲದ ಬಿಳಿ ಮಚ್ಚೆಯನ್ನು ನಾನೇ ಎಷ್ಟೋ ಹೆಂಗಸರ ಹಣೆಯಲ್ಲಿ ನೋಡಿದ್ದೇನೆ. ಅದನ್ನು ಮುಚ್ಚಲು ಇನ್ನೂ ದೊಡ್ಡ ಬಿಂದಿ ಇಟ್ಟುಕೊಳ್ಳುತ್ತಾರೆ, ಮಚ್ಚೆಯೂ ದೊಡ್ಡದಾಗುತ್ತದೆ. ತಲೆಗೆ ಬಳಿಯುವ ಡೈ ಹಣೆಯ ಅಂಚಿಗೆ, ಕಿವಿಯ ಹಿಂದಕ್ಕೆ, ರೆಪ್ಪೆಗೆ ಊತ ತರುವುದೂ ಇದೇ ಬಗೆಯ ಕಥೆ.

ಹೊಸದನ್ನು ಪರೀಕ್ಷಿಸುವ ಕ್ರಮ ಹೇಗೆ? ಅಂಗಡಿಯಲ್ಲಿ ಮುಂಗೈಗೆ ಸವರಿ, ಮೂಸಿ, ಆಯಿತು ಎನ್ನುವುದು ಪರೀಕ್ಷೆಯಲ್ಲ. ಮುಂಗೈ ಚರ್ಮ ದಪ್ಪ, ಮತ್ತು ಅಲರ್ಜಿ ಅಷ್ಟು ಬೇಗ ಬರುವುದೂ ಇಲ್ಲ. ಕಿರಿಕಿರಿ ಬೇರೆ, ಅಲರ್ಜಿ ಬೇರೆ. ಕಿರಿಕಿರಿಯಾದರೆ ಹಚ್ಚಿದ ಸ್ವಲ್ಪ ಹೊತ್ತಿಗೇ ಚುರ್ ಅನ್ನುತ್ತದೆ. ಅಲರ್ಜಿ ಎರಡು ಮೂರು ದಿನ ಕಾದು, ಕೆಲವೊಮ್ಮೆ ಇನ್ನೂ ತಡವಾಗಿ, ತುರಿಕೆಯಾಗಿ ಬರುತ್ತದೆ. ಅದಕ್ಕೇ ಮೊಣಕೈಯ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲ, ಏಳು ದಿನ ಹಚ್ಚಿ. ಏನೂ ಆಗದಿದ್ದರೆ ದವಡೆಯ ಒಂದು ಬದಿಗೆ, ಕಿವಿಯ ಕೆಳಗೆ, ಇನ್ನೊಂದಷ್ಟು ದಿನ. ಅದೂ ಒಗ್ಗಿದರೆ ಮುಖಕ್ಕೆ. ಒಂದು ಸಲಕ್ಕೆ ಒಂದೇ ಹೊಸ ವಸ್ತು. ಸಂಬಳ ಬಂದ ದಿನ ಫೇಸ್‌ವಾಷು, ಸೀರಮ್ಮು, ಕ್ರೀಮು ಮೂರನ್ನೂ ಒಟ್ಟಿಗೆ ತಂದು ಒಟ್ಟಿಗೆ ಶುರು ಮಾಡಿದರೆ, ಉರಿ ಬಂದಾಗ ಯಾವುದನ್ನು ಬಿಡಬೇಕು ಎಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಸ್ಯಾಷೆ ಅಥವಾ ಚಿಕ್ಕ ಟ್ಯೂಬು ಸಿಗುವುದಾದರೆ ಪರೀಕ್ಷೆಗೆ ಅದೇ ಸಾಕು. ಆದರೆ 30 ಗ್ರಾಮಿಗಿಂತ ಕಡಿಮೆಯ ಕ್ರೀಮಿನ ಪ್ಯಾಕಿನ ಮೇಲೆ ಪದಾರ್ಥಗಳ ಪಟ್ಟಿ ಹಾಕಲೇಬೇಕೆಂಬ ಕಡ್ಡಾಯವಿಲ್ಲ. ಅದೇ ಕ್ರೀಮಿನ ದೊಡ್ಡ ಟ್ಯೂಬನ್ನು ಅಂಗಡಿಯಲ್ಲಿ ಕೈಗೆ ತೆಗೆದುಕೊಂಡು ಪಟ್ಟಿ ಓದಿ. ಬೇಕಾದರೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಯಾವ ಅಂಗಡಿಯವರೂ ಬೇಡ ಅನ್ನಬಾರದು.

ಇನ್ನು ನನ್ನ ಮನಸ್ಸಿಗೆ ಹತ್ತಿರವಾದ ವಿಷಯಕ್ಕೆ ಬರುತ್ತೇನೆ: ತೆಳುಬಣ್ಣದ ಕ್ರೀಮುಗಳು. ಬಿಬಿ ಕ್ರೀಮು, ಟಿಂಟೆಡ್ ಸನ್‌ಸ್ಕ್ರೀನು, ಟಿಂಟೆಡ್ ಮಾಯಿಶ್ಚರೈಸರು ಎಂದು ಅಂಗಡಿಯಲ್ಲಿ ಕರೆಯುವುದು ಇವನ್ನೇ. ಸೂಕ್ಷ್ಮ ಚರ್ಮದವರು ಇವನ್ನು ಮೇಕಪ್ಪು ಎಂದು ದೂರ ಇಡುತ್ತಾರೆ. ಆದರೆ ಇವುಗಳ ಹುಟ್ಟು ನೋವುಂಡ ಚರ್ಮದ ಹತ್ತಿರವೇ ಆದದ್ದು. ಅಮೆರಿಕದಲ್ಲಿ ಲಿಡಿಯಾ ಓಲಿಯರಿ ಎಂಬಾಕೆಯ ಮುಖದ ಮೇಲೆ ಹುಟ್ಟಿನಿಂದಲೇ ದೊಡ್ಡ ಕೆನ್ನೇರಳೆ ಮಚ್ಚೆಯಿತ್ತು. ಅದರಿಂದಾಗಿ ಕೆಲಸ ಸಿಗಲಿಲ್ಲ. ರಸಾಯನಶಾಸ್ತ್ರ ಓದಿದ್ದ ಆಕೆ ಮಚ್ಚೆಯನ್ನು ಮರೆಮಾಡುವ ಕ್ರೀಮನ್ನು ತಾನೇ ತಯಾರಿಸಿ, 1928ರಲ್ಲಿ ಕವರ್‌ಮಾರ್ಕ್ ಎಂಬ ಹೆಸರಿನಲ್ಲಿ ಹೊರತಂದಳು. ಬಿಬಿ ಎಂದರೆ ಬ್ಲೆಮಿಶ್ ಬಾಮ್. ಅದನ್ನು 1960ರ ದಶಕದಲ್ಲಿ ರೂಪಿಸಿದವರು ಜರ್ಮನಿಯ ಚರ್ಮವೈದ್ಯೆ ಕ್ರಿಸ್ಟೀನ್ ಶ್ರಾಮೆಕ್. ಚರ್ಮದ ಮೇಲ್ಪದರ ಸುಲಿಯುವ ಚಿಕಿತ್ಸೆ ಮಾಡಿಸಿಕೊಂಡವರ ಕೆಂಪು, ಹಸಿ ಮುಖವನ್ನು ತಣಿಸಿ, ಕಾಪಾಡಿ, ಸ್ವಲ್ಪ ಮುಚ್ಚಲೆಂದು ಮಾಡಿದ ಕ್ರೀಮು ಅದು. ಕೊರಿಯಾದ ಹುಡುಗಿಯರು ಅದನ್ನು ಜಗತ್ತಿಗೆಲ್ಲ ಹಬ್ಬಿಸಿದ್ದು ಬಹಳ ಆಮೇಲೆ.

ನಮ್ಮಂಥ ಚರ್ಮಕ್ಕೆ ಬಣ್ಣದ ಕ್ರೀಮು ಬೇಕಾಗುವುದು ಎರಡು ಕಾರಣಕ್ಕೆ. ಬಿಸಿಲು ತಡೆಯುವ ಪದಾರ್ಥಗಳಲ್ಲಿ ಎರಡು ಬಗೆ. ಒಂದು ಬಗೆಯವು ಬಿಸಿಲಿನ ಕಿರಣವನ್ನು ಹೀರುವ ರಾಸಾಯನಿಕಗಳು; ಇವುಗಳಲ್ಲಿ ಕೆಲವು ಕಣ್ಣಿಗೆ, ಕೆನ್ನೆಗೆ ಉರಿ ತರುತ್ತವೆ. ಇನ್ನೊಂದು ಬಗೆ ಝಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಎಂಬ ಖನಿಜಗಳು. ಸೂಕ್ಷ್ಮ ಚರ್ಮಕ್ಕೆ ಒಗ್ಗುವುದು ಹೆಚ್ಚಾಗಿ ಇವೇ. ಮಕ್ಕಳ ಗಂದೆಗೆ ಹಚ್ಚುವ ಕ್ಯಾಲಮೈನ್ ಲೋಷನ್ನಿನಲ್ಲಿ ಇರುವುದೂ ಝಿಂಕ್ ಆಕ್ಸೈಡೇ. ಆದರೆ ಇವು ಬಿಳಿ ಪುಡಿಗಳು. ನಮ್ಮ ಗೋಧಿಬಣ್ಣ, ಎಣ್ಣೆಗೆಂಪು, ಕಪ್ಪು ಮುಖಕ್ಕೆ ಹಚ್ಚಿದರೆ ಬೂದಿ ಬಳಿದಂತೆ ಕಾಣುತ್ತದೆ. ಹೀಗೆ ಕಾಣುವುದಕ್ಕಿಂತ ಹಚ್ಚದಿರುವುದೇ ವಾಸಿ ಎಂದು ಟ್ಯೂಬನ್ನು ಕಪಾಟಿಗೆ ಎಸೆದವರು ಎಷ್ಟೋ ಮಂದಿ. ಅದೇ ಖನಿಜಕ್ಕೆ ನಮ್ಮ ಮೈಬಣ್ಣ ಸೇರಿಸಿದರೆ ಬೂದಿ ಕಾಣುವುದಿಲ್ಲ, ಉರಿಯೂ ಕಡಿಮೆ.

ಎರಡನೆಯ ಕಾರಣ ಇನ್ನೂ ದೊಡ್ಡದು. ಆ ಬಣ್ಣವೇ ಒಂದು ರಕ್ಷಣೆ. ಚರ್ಮ ಕಪ್ಪಾಗುವುದು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿಂದ ಮಾತ್ರ ಎಂದು ಬಹುಕಾಲ ತಿಳಿಯಲಾಗಿತ್ತು. ಅಮೆರಿಕದ ಡೆಟ್ರಾಯಿಟ್‌ನ ಚರ್ಮವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣಿಗೆ ಕಾಣುವ ಮಾಮೂಲಿ ಬೆಳಕು ಕೂಡ ಕಂದು, ಕಪ್ಪು ಚರ್ಮವನ್ನು ಕಪ್ಪಾಗಿಸುತ್ತದೆ, ಆ ಕಪ್ಪು ದಿನಗಟ್ಟಲೆ ಉಳಿಯುತ್ತದೆ ಎಂದು ಕಂಡುಬಂತು. ಬಿಳಿಯ ಚರ್ಮದವರಲ್ಲಿ ಹಾಗೆ ಆಗಲಿಲ್ಲ. ಹಾಗಾಗಿ ಬಂಗು ಇರುವ ನಮ್ಮವರು ಎಷ್ಟು ಒಳ್ಳೆಯ ಬಣ್ಣವಿಲ್ಲದ ಸನ್‌ಸ್ಕ್ರೀನ್ ಹಚ್ಚಿದರೂ ಅರ್ಧ ಕೆಲಸವೇ ಆಗುತ್ತದೆ. ಕಾಣುವ ಬೆಳಕನ್ನು ತಡೆಯಬಲ್ಲದ್ದು ಐರನ್ ಆಕ್ಸೈಡ್, ಅಂದರೆ ಕಬ್ಬಿಣದ ಆಕ್ಸೈಡ್. ಕೆಂಪು, ಹಳದಿ, ಕಪ್ಪು ಎಂದು ಅದರಲ್ಲಿ ಮೂರು ಬಣ್ಣ. ಮೂರನ್ನೂ ಆ ಬಿಳಿ ಖನಿಜದ ಜೊತೆ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದರೆ ಬಗೆಬಗೆಯ ಮೈಬಣ್ಣಗಳು ಬರುತ್ತವೆ. ಹೊಸಿಲಿಗೆ, ರಂಗೋಲಿಯ ಅಂಚಿಗೆ ಹಚ್ಚುವ ಕೆಮ್ಮಣ್ಣಿನ ಕೆಂಪು ಈ ಐರನ್ ಆಕ್ಸೈಡಿನದೇ. ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯ ಕಾವಿ ಚಿತ್ರಗಳಲ್ಲಿ ಇರುವುದೂ ಅದೇ. ಹಾಗಂತ ಕೆಮ್ಮಣ್ಣನ್ನು ಕಲಸಿ ಮುಖಕ್ಕೆ ಹಚ್ಚಬೇಡಿ. ಮಣ್ಣಿನಲ್ಲಿ ಸೀಸ, ಆರ್ಸೆನಿಕ್‌ನಂಥವು ಬೆರೆತಿರಬಹುದು ಎಂಬ ಕಾರಣಕ್ಕೇ ಕ್ರೀಮಿಗೆ ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸಿದ ಆಕ್ಸೈಡ್ ಬಳಸುತ್ತಾರೆ.

ಕ್ರೀಮಿನಲ್ಲಿ ಇದು ನಿಜವಾಗಿ ಇದೆಯೇ ಎಂದು ತಿಳಿಯಲು ಒಂದು ಸುಲಭ ದಾರಿ ಇದೆ. ಪದಾರ್ಥಗಳ ಪಟ್ಟಿಯ ಕೊನೆಯಲ್ಲಿ ಸಿ.ಐ. ಎಂಬ ಎರಡಕ್ಷರದ ಮುಂದೆ ಸಂಖ್ಯೆಗಳಿರುತ್ತವೆ. 77491 ಎಂದರೆ ಕೆಂಪು ಐರನ್ ಆಕ್ಸೈಡ್, 77492 ಹಳದಿ, 77499 ಕಪ್ಪು. ಈ ಮೂರು ಸಂಖ್ಯೆ ಅಥವಾ ಐರನ್ ಆಕ್ಸೈಡ್ಸ್ ಎಂಬ ಹೆಸರು ಕಂಡರೆ ಸರಿ. 77891 ಒಂದೇ ಇದ್ದರೆ ಅದು ಟೈಟೇನಿಯಂನ ಬಿಳಿ. ಹಚ್ಚಿದ ಕೂಡಲೇ ಬೆಳ್ಳಗೆ ಕಾಣಿಸಲು ಹಾಕಿದ್ದಿರಬಹುದು. ಸಾವಿರ ರೂಪಾಯಿಯ ಟ್ಯೂಬಿಗೂ ಇನ್ನೂರು ಮುನ್ನೂರರ ಟ್ಯೂಬಿಗೂ ಈ ಸಂಖ್ಯೆಗಳು ಅವೇ.

ಶೇಡು ಆರಿಸುವಾಗ ಮಾತ್ರ ಆತುರ ಬೇಡ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎಲ್ಲವೂ ಚೆಂದ ಕಾಣುತ್ತದೆ. ಎರಡು ಮೂರು ಶೇಡುಗಳನ್ನು ದವಡೆಯ ಅಂಚಿನಲ್ಲಿ, ಕೆನ್ನೆಯಿಂದ ಕತ್ತಿಗೆ ಇಳಿಯುವಂತೆ ಗೆರೆ ಎಳೆದು, ಬಾಗಿಲ ಹೊರಗೆ ಬಂದು ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿಯಿರಿ. ಹತ್ತು ನಿಮಿಷ ಕಾಯಿರಿ, ಏಕೆಂದರೆ ಚರ್ಮದ ಎಣ್ಣೆಯ ಜೊತೆ ಸೇರಿದಾಗ ಬಣ್ಣ ಸ್ವಲ್ಪ ಗಾಢವಾಗುತ್ತದೆ. ಯಾವ ಗೆರೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಹುಡುಕಬೇಕಾಗುತ್ತದೋ ಅದು ನಿಮ್ಮದು. ಗುಲಾಬಿಯಾಗಿ ಎದ್ದು ಕಂಡರೆ ಹಳದಿ ಕಡಿಮೆಯಾಗಿದೆ, ಬೂದು ಕಂಡರೆ ಬಿಳಿ ಹೆಚ್ಚಾಗಿದೆ. "ಒಂದು ಶೇಡ್ ಲೈಟ್ ತಗೊಳ್ಳಿ ಮೇಡಂ, ಫೇರ್ ಕಾಣ್ತೀರಿ" ಎನ್ನುವ ಮಾತು ಕೇಳಿ ಕೇಳಿ ನನಗೆ ರೋಸಿಹೋಗಿದೆ. ತಿಳಿ ಶೇಡಿನಲ್ಲಿ ಐರನ್ ಆಕ್ಸೈಡಿನ ಪ್ರಮಾಣವೂ ಕಡಿಮೆ; ಬೆಳಕು ತಡೆಯುವ ಶಕ್ತಿಯೂ ಕಡಿಮೆ. ತನ್ನ ಬಣ್ಣಕ್ಕಿಂತ ತಿಳಿಯದನ್ನು ಆರಿಸಿದವಳು ರಕ್ಷಣೆಯನ್ನೂ ಕಳೆದುಕೊಳ್ಳುತ್ತಾಳೆ. ಆದರೂ ಕಪಾಟಿನಲ್ಲಿ ಜೋಡಿಸಿರುವುದರಲ್ಲಿ ತಿಳಿ ಶೇಡುಗಳೇ ಹೆಚ್ಚು. ಗಾಢ ಶೇಡು ಕೇಳಿದರೆ "ಸ್ಟಾಕ್ ಇಲ್ಲ" ಎಂಬ ಉತ್ತರ. ಕನ್ನಡ ನಾಡಿನ ಬಹುಪಾಲು ಜನರ ಬಣ್ಣವೇ ಸ್ಟಾಕಿನಲ್ಲಿ ಇಲ್ಲವೆಂದರೆ ಹೇಗೆ? ದಯವಿಟ್ಟು ಕೇಳುತ್ತಲೇ ಇರಿ. ಕೇಳುವವರು ಇದ್ದರೆ ಅಂಗಡಿಯವರು ತರಿಸುತ್ತಾರೆ. ಅದು ನಾನು ಕಂಡು ಬಲ್ಲ ವ್ಯಾಪಾರ.

ಬೆಳ್ಳಗಾಗುವ ಹಂಬಲ ನಮ್ಮಲ್ಲಿ ಇವತ್ತಿನದಲ್ಲ. 1919ರಲ್ಲಿ ಮುಂಬಯಿಯಲ್ಲಿ ಅಫ್ಘಾನ್ ಸ್ನೋ ಎಂಬ ಮುಖದ ಕ್ರೀಮು ಬಂತು, ನಮ್ಮ ಅಜ್ಜಿಯರ ಪೆಟ್ಟಿಗೆಯಲ್ಲಿ ಸ್ನೋ ಡಬ್ಬಿ ಇರುವುದು ಒಂದು ಭಾಗ್ಯವಾಗಿತ್ತು. 1975ರಲ್ಲಿ ಫೇರ್ ಅಂಡ್ ಲವ್ಲಿ ಬಂತು. 2020ರಲ್ಲಿ ಅದರ ಹೆಸರಿನಿಂದ ಫೇರ್ ಎಂಬ ಮಾತನ್ನು ಕೈಬಿಡಲಾಯಿತು. ಹೆಸರು ಬದಲಾದಷ್ಟು ಬೇಗ ಮನಸ್ಸು ಬದಲಾಗಲಿಲ್ಲ. ಆ ಮನಸ್ಸು ನನ್ನ ಕೌಂಟರಿಗೆ ಬಂದು ನಿಲ್ಲುವ ಬಗೆಯನ್ನು ಹೇಳಲೇಬೇಕು, ಏಕೆಂದರೆ ಸೂಕ್ಷ್ಮ ಚರ್ಮ ಎಂದು ಬರುವವರಲ್ಲಿ ಎಷ್ಟೋ ಜನರ ಕಥೆ ಇದೇ.

ಪಿಯುಸಿ ಓದುವ ಹುಡುಗಿಯೊಬ್ಬಳು ಬಂದಳು. ವೇಲಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದಳು. ಒಂದು ಟ್ಯೂಬಿನ ಹೆಸರು ಹೇಳಿ, "ಅಕ್ಕಾ, ಅದು ಕೊಡಿ" ಅಂದಳು. ವೈದ್ಯರ ಚೀಟಿ ಇರಲಿಲ್ಲ. "ಯಾರಮ್ಮ ಹೇಳಿದ್ದು?" ಎಂದೆ. "ನಮ್ಮತ್ತಿಗೆ ಹಚ್ತಾರೆ. ಬೆಳ್ಳಗಾಗಿದಾರೆ." ವೇಲು ಸರಿಸಿ ತೋರಿಸಿದಾಗ ಕೆನ್ನೆ ಬೆಳ್ಳಗೇ ಇತ್ತು, ಆದರೆ ಕಾಗದದಂತೆ ತೆಳುವಾಗಿ, ಒಳಗಿನ ಎಳೆ ಎಳೆ ಕೆಂಪು ರಕ್ತನಾಳಗಳು ಕಾಣುವಂತೆ. ಬಾಯಿಯ ಸುತ್ತ ಸಣ್ಣ ಗುಳ್ಳೆ, ಕೆನ್ನೆಯ ಬದಿಗೆ ಮುಂಚೆ ಇಲ್ಲದ ನವಿರು ಕೂದಲು. "ಸ್ವಲ್ಪ ದಿನ ಬಿಟ್ಟು ನೋಡಿದೆಯಾ?" ಅಂದೆ. "ಬಿಟ್ರೆ ಉರಿಯುತ್ತೆ ಅಕ್ಕಾ. ನಂದು ಸೆನ್ಸಿಟಿವ್ ಸ್ಕಿನ್ನು" ಅಂದಳು.

ಅವಳ ಚರ್ಮ ಹುಟ್ಟಿನಿಂದ ಸೂಕ್ಷ್ಮವಾಗಿರಲಿಲ್ಲ. ಆ ಟ್ಯೂಬಿನಲ್ಲಿ ಇದ್ದದ್ದು ಸ್ಟೀರಾಯ್ಡ್. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಫ್ಲೂಸಿನೋಲೋನ್: ಹೆಸರು ಯಾವುದೇ ಇರಲಿ, ವೈದ್ಯರು ಇಂತಿಷ್ಟು ದಿನ ಎಂದು ಲೆಕ್ಕ ಹಾಕಿ ಕೊಡಬೇಕಾದ ಔಷಧಿಗಳು ಇವು. ಇಸುಬಿಗೆ, ಅಲರ್ಜಿಗೆ ಇವುಗಳಿಂದ ಉಪಕಾರವಿದೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಮೊದಲು ಚರ್ಮ ತಿಳಿಯಾಗಿ ಹೊಳೆಯುತ್ತದೆ, ಆಮೇಲೆ ತೆಳುವಾಗುತ್ತದೆ, ಕೊನೆಗೆ ಬಿಟ್ಟ ಕೂಡಲೇ ಉರಿ ಏಳುತ್ತದೆ. ಉರಿ ತಾಳಲಾರದೆ ಮತ್ತೆ ಹಚ್ಚುತ್ತಾರೆ. ಭಾರತದಲ್ಲಿ ಇದು ಎಷ್ಟು ಹಬ್ಬಿತೆಂದರೆ ಇಲ್ಲಿಯ ಚರ್ಮವೈದ್ಯರೇ ಇದಕ್ಕೆ ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್, ಅಂದರೆ ಸ್ಟೀರಾಯ್ಡ್ ಹಚ್ಚಿ ಹಾಳಾದ ಮುಖ, ಎಂದು ಹೆಸರಿಡಬೇಕಾಯಿತು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಔಷಧಿಗಳನ್ನು ಚೀಟಿಯಿಲ್ಲದೆ ಮಾರಬಾರದು ಎಂದು ಶೆಡ್ಯೂಲ್ ಎಚ್‌ಗೆ ಸೇರಿಸಿತು. ನಿಯಮ ಇದೆ, ಚೀಟಿಯಿಲ್ಲದೆ ಕೊಡುವ ಕೈಗಳೂ ಇವೆ, ಮತ್ತು ನನ್ನ ವೃತ್ತಿಯವರ ಮೇಲೆ ನನಗೆ ಸಿಟ್ಟು ಬರುವುದು ಅಲ್ಲೇ. ಆ ಹುಡುಗಿಗೆ ಟ್ಯೂಬು ಕೊಡಲಿಲ್ಲ. ಹಾಗೆಂದು ಒಮ್ಮೆಲೇ ನಿಲ್ಲಿಸಿ ಮನೆಯಲ್ಲಿ ಕೂರು ಎಂದೂ ಹೇಳಲಿಲ್ಲ. ನಿಲ್ಲಿಸುವ ಕ್ರಮವನ್ನೂ ವೈದ್ಯರೇ ಹೇಳಬೇಕು. ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗು, ಅತ್ತಿಗೆಯನ್ನೂ ಕರೆದುಕೊಂಡು ಹೋಗು ಎಂದು ಹೇಳಿ ಕಳಿಸಿದೆ.

ಇನ್ನು ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಯಾವುದೂ ಇಲ್ಲದೆ ಬರುವ ಬೆಳ್ಳಗಾಗುವ ಕ್ರೀಮುಗಳನ್ನು ಮುಟ್ಟಲೇಬೇಡಿ. ಅವುಗಳಲ್ಲಿ ಪಾದರಸ ಇರಬಹುದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು, ಮೂತ್ರದಲ್ಲಿ ಪ್ರೋಟೀನ್ ಸೋರಿ ಮೈ ಊದಿಕೊಂಡು ಬಂದ ಕಿಡ್ನಿ ರೋಗಿಗಳ ನಡುವೆ ಇಂಥ ಕ್ರೀಮು ಬಳಸಿದವರು ಹಲವರಿರುವುದನ್ನು ಪತ್ತೆ ಮಾಡಿದರು. ಅಂದಕ್ಕೆಂದು ಹಚ್ಚಿದ್ದು ಕಿಡ್ನಿಗೆ ಇಳಿದಿತ್ತು. ಮುಖದ ಕ್ರೀಮಿಗೆ ಪಾದರಸ ಸೇರಿಸಲು ನಮ್ಮ ಕಾನೂನಿನಲ್ಲಿ ಅವಕಾಶವಿಲ್ಲ.

ಖರ್ಚಿನ ಲೆಕ್ಕಕ್ಕೆ ಬರೋಣ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಟ್ಯೂಬಿನಿಂದ ಹಿಂಡಿದ ಕ್ರೀಮು ಸುಮಾರು ಅರ್ಧ ಗ್ರಾಂ. ಮುಖಕ್ಕೂ ಕತ್ತಿಗೂ ಇಂಥ ಎರಡೂವರೆ ಅಳತೆ ಬೇಕು, ಅಂದರೆ ಒಂದೂಕಾಲು ಗ್ರಾಂ. 50 ಗ್ರಾಮಿನ ಟ್ಯೂಬು 40 ಸಲಕ್ಕೆ ಬರುತ್ತದೆ. ಟ್ಯೂಬಿಗೆ 350 ರೂಪಾಯಿ ಎಂದಿಟ್ಟುಕೊಂಡರೆ ಒಂದು ಸಲಕ್ಕೆ 9 ರೂಪಾಯಿಯ ಹತ್ತಿರ. ಇದು ಎಲ್ಲರಿಗೂ ಸಣ್ಣ ಮೊತ್ತವಲ್ಲ. ಆದ್ದರಿಂದ ದುಡ್ಡು ಎಲ್ಲಿ ಉಳಿಸಬಹುದು ಎಂದು ಹೇಳುತ್ತೇನೆ. ಎಸ್‌ಪಿಎಫ್ 30 ಸುಡುವ ಕಿರಣಗಳಲ್ಲಿ ಶೇಕಡಾ 97ನ್ನು ತಡೆಯುತ್ತದೆ, 50 ತಡೆಯುವುದು 98ನ್ನು. ಆ ಒಂದು ಅಂಕಿಗಾಗಿ ಹೆಚ್ಚು ಕೊಡಬೇಕಿಲ್ಲ. ಸೀರಮ್ಮು, ಟೋನರು, ಫೇಸ್ ಮಿಸ್ಟು ಸೂಕ್ಷ್ಮ ಚರ್ಮಕ್ಕೆ ಬೇಕಿಲ್ಲ, ಹಾಗಾಗಿ ಆ ಹಣ ಪೂರ್ತಿ ಉಳಿತಾಯ. ಕೊಡೆ, ಅಗಲ ಅಂಚಿನ ಟೋಪಿ, ತಲೆಯ ಮೇಲೆ ಸೆರಗು, ಇವು ಯಾವ ಕ್ರೀಮಿಗಿಂತಲೂ ಅಗ್ಗ, ಮತ್ತು ಇವುಗಳಿಂದ ಉರಿ ಬರುವುದಿಲ್ಲ. ಬೇಸಿಗೆಯ ನಡುಹಗಲು ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಅತಿನೇರಳೆ ಸೂಚ್ಯಂಕ 11ನ್ನು ದಾಟುತ್ತದೆ. ತಂಪು ಗಾಳಿ ಬೀಸುತ್ತಿದ್ದರೂ ಬಿಸಿಲು ತನ್ನ ಕೆಲಸ ಮಾಡುತ್ತಿರುತ್ತದೆ. ಆ ಹೊತ್ತಿನಲ್ಲಿ ಕ್ರೀಮಿನ ಜೊತೆಗೆ ಕೊಡೆಯೂ ಇರಲಿ. ಗದ್ದೆ, ತೋಟಕ್ಕೆ ಹೋಗುವವರಿಗೆ, ಆಟೋ ಓಡಿಸುವವರಿಗೆ ಕೂಡ ಈ ಮಾತು. ಬಂಗು ಗಂಡಸರಿಗೂ ಬರುತ್ತದೆ, ಬಣ್ಣದ ಕ್ರೀಮು ಹಚ್ಚಲು ಅವರು ಸಂಕೋಚಪಡಬೇಕಿಲ್ಲ.

ಒಂದೂಕಾಲು ಗ್ರಾಂ ಬಣ್ಣದ ಕ್ರೀಮು ಮುಖಕ್ಕೆ ದಪ್ಪವೆನಿಸಿದರೆ, ಅಡಿಯಲ್ಲಿ ಬಣ್ಣವಿಲ್ಲದ್ದನ್ನು ಪೂರ್ತಿ ಅಳತೆಗೆ ಹಚ್ಚಿ, ಅದು ಆರಿದ ಮೇಲೆ ಬಂಗು ಇರುವ ಕಡೆ ಬಣ್ಣದ್ದನ್ನು ಬೆರಳಿನಿಂದ ತಟ್ಟಿ ತಟ್ಟಿ ಕೂರಿಸಿ. ತಿಕ್ಕಬೇಡಿ. ಎರಡನ್ನೂ ಅಂಗೈಯಲ್ಲಿ ಬೆರೆಸಿ ಹಚ್ಚುವುದೂ ಬೇಡ, ಎರಡರ ಬಲವೂ ಕುಂದುತ್ತದೆ. ರಾತ್ರಿ ಇದನ್ನು ತೆಗೆಯುವುದು ಕಡ್ಡಾಯ. ಖನಿಜದ ಪುಡಿ ಬರೀ ನೀರಿಗೆ ಹೋಗುವುದಿಲ್ಲ. ಹತ್ತಿಗೆ ಸ್ವಲ್ಪ ಲಿಕ್ವಿಡ್ ಪ್ಯಾರಾಫಿನ್ ತೆಗೆದುಕೊಂಡು ಮೆಲ್ಲಗೆ ಒರೆಸಿ, ಆಮೇಲೆ ಮುಖ ತೊಳೆದರೆ ಚರ್ಮ ಕೆರಳುವುದಿಲ್ಲ.

ಇಷ್ಟೆಲ್ಲ ಜೋಪಾನದ ನಡುವೆಯೂ ಒಂದು ದಿನ ಮುಖ ಹೊತ್ತಿಕೊಂಡರೆ ಹಚ್ಚುತ್ತಿರುವುದನ್ನೆಲ್ಲ ನಿಲ್ಲಿಸಿ. ತಣ್ಣೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆ, ಪೆಟ್ರೋಲಿಯಂ ಜೆಲ್ಲಿ, ಇವೆರಡೇ ಸಾಕು. ರೆಪ್ಪೆ ಊದಿಕೊಂಡರೆ, ನೀರು ಒಸರಿದರೆ, ಎರಡು ದಿನಕ್ಕೂ ಇಳಿಯದಿದ್ದರೆ ಚರ್ಮವೈದ್ಯರ ಹತ್ತಿರ ಹೋಗಿ. ಉಸಿರಾಟಕ್ಕೆ ಕಷ್ಟವಾದರೆ, ತುಟಿ, ನಾಲಗೆ ಊದಿದರೆ ಆ ಕ್ಷಣವೇ ಆಸ್ಪತ್ರೆಗೆ. ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಟ್ಯೂಬು, ಡಬ್ಬಿ, ಸ್ಯಾಷೆ, ಬಿಂದಿಯ ಚೀಟಿ, ಡೈ ಪುಡಿಯ ಪೊಟ್ಟಣ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಹೇಳಲು ಮುಜುಗರವಾಗುವ ಆ ಬೆಳ್ಳಗಾಗುವ ಟ್ಯೂಬನ್ನು ಕೂಡ ಅದರಲ್ಲಿ ಇಡಿ. ಅವರಿಗೆ ಮೊದಲು ನೋಡಬೇಕಾದದ್ದು ಅದೇ ಆಗಿರಬಹುದು.